ಮೂರರಲ್ಲಿ ಒಬ್ಬರು ಆಚೆಗೆ

ತಿಪಟೂರಿನ ಸದಾಶಿವಯ್ಯನವರ ಮಂಡಿಯಲ್ಲಿ ಕೊಬ್ಬರಿ ಆರಿಸುವ ದಯಾನಂದನ ಕಿವಿಯ ಹತ್ತಿರ ಒಂದು ಉಂಡೆ ಕೊಬ್ಬರಿ ಹಿಡಿದು ಬೆರಳಿನಿಂದ ತಟ್ಟಿದರೆ ಸಾಕು, ಅದು ಅಟ್ಟದ ಮೇಲೆ ಎಷ್ಟು ತಿಂಗಳು ಕೂತಿತ್ತು, ಅಟ್ಟದ ಕೆಳಗೆ ಒಲೆ ಉರಿಯುತ್ತಿತ್ತೋ ಇಲ್ಲವೋ, ಮನೆಯವರು ಮದುವೆಯ ಆತುರಕ್ಕೆ ಒಂದು ತಿಂಗಳು ಮೊದಲೇ ಸುಲಿದುಬಿಟ್ಟರೋ, ಎಲ್ಲವನ್ನೂ ಹೇಳಿಬಿಡುತ್ತಿದ್ದ. ಆದರೆ ಆ ಮನೆಯವರು ಎಂಥ ಜನ ಎಂದು ಕೇಳಿದರೆ ಮಾತ್ರ ಅವನ ಉತ್ತರ ಒಂದೇ. "ಒಳ್ಳೇರು, ಪಾಪ." ಒಮ್ಮೆ ಮಂಡಿಯ ತಕ್ಕಡಿಯನ್ನೇ ಹೊತ್ತುಕೊಂಡು ಹೋದವನ ಬಗ್ಗೆ ಪೊಲೀಸರು ವಿಚಾರಿಸಿದಾಗಲೂ, "ಒಳ್ಳೇನು ಸಾರ್, ಪಾಪ. ತಕ್ಕಡಿ ಒಂದು ತಗೊಂಡೋದ, ಅಷ್ಟೆ" ಎಂದು ಹೇಳಿಕೆ ಬರೆಸಿದ್ದ.

ಇಂಥ ದಯಾನಂದ ಸಂಜೆ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ. ಅದರಲ್ಲೂ ಮನಃಶಾಸ್ತ್ರ. ಇದಕ್ಕೆ ಕಾರಣ ಅವನ ಹೆಂಡತಿ ಪದ್ಮಶ್ರೀ ಎಂದರೆ ತಪ್ಪಾಗುತ್ತದೆ, ಅಲ್ಲ ಎಂದರೂ ತಪ್ಪಾಗುತ್ತದೆ. ಪದ್ಮಶ್ರೀ ಮದುವೆಗೆ ಮೊದಲೇ ಬಿ.ಎ. ಮುಗಿಸಿದ್ದಳು. ಅವಳು ಆ ವಿಷಯವನ್ನು ಒಮ್ಮೆಯೂ ಎತ್ತಿರಲಿಲ್ಲ. ಎತ್ತುತ್ತಿದ್ದವರು ಅವಳ ತಂದೆ. ಯಾವ ಮದುವೆಯ ಚಪ್ಪರದಲ್ಲಿ ಸಿಕ್ಕರೂ ಅವರು ಅಳಿಯನ ಹೆಗಲ ಮೇಲೆ ಕೈಹಾಕಿ, "ನಮ್ಮ ಅಳಿಯಂದಿರು. ಓದ್ತಾ ಇದಾರೆ" ಎಂದು ಪರಿಚಯಿಸುತ್ತಿದ್ದರು. ಆರು ವರ್ಷದಿಂದ ಅದೇ ಪರಿಚಯ. ದಯಾನಂದನಿಗೆ ಈಗ ಮೂವತ್ತಾರು. ಗಡ್ಡದಲ್ಲಿ ಅಲ್ಲಲ್ಲಿ ಬೆಳ್ಳಿ. ಹೋದ ಸಲ ಒಬ್ಬ ಅಜ್ಜ ಅವನನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟನೇ ಕ್ಲಾಸಪ್ಪ?" ಎಂದು ಕೇಳಿಬಿಟ್ಟಿದ್ದ.

ಉಳಿದೆಲ್ಲ ಪತ್ರಿಕೆಗಳೂ ಮುಗಿದಿದ್ದವು. ಪ್ರಾಯೋಗಿಕ ಪರೀಕ್ಷೆ ಒಂದೇ ಬಾಕಿ. ಮೊದಲ ಸಲ ಜ್ಞಾಪಕಶಕ್ತಿಯ ಪ್ರಯೋಗದಲ್ಲಿ, ಎದುರಿಗೆ ಕೂತವನು ಒದ್ದಾಡುತ್ತಿದ್ದಾನಲ್ಲ ಎಂದು ಮರುಗಿ, ಮರೆತ ಪದಗಳನ್ನೆಲ್ಲ ತಾನೇ ಹೇಳಿಕೊಟ್ಟು ಫೇಲಾದ. ಎರಡನೆಯ ಸಲ ಪರೀಕ್ಷಕರು "ಇದು ಸರಿಯೇ?" ಎಂದು ಸುಮ್ಮನೆ ಕೇಳಿದ್ದಕ್ಕೆ, ತಪ್ಪಿರಬಹುದೆಂದು ಇಡೀ ಪುಟವನ್ನು ಅಳಿಸಿ ಫೇಲಾದ. ಮೂರನೆಯದೇ ಕೊನೆಯ ಅವಕಾಶ. ಈ ಸಲ ಹೋದರೆ ಬಿ.ಎ. ಪೂರ್ತಿ ಹೋದ ಹಾಗೆ. ಮಾವನವರು ಮುಂದೆ ಯಾವ ವಾಕ್ಯ ಹೇಳಿ ಪರಿಚಯಿಸುತ್ತಾರೋ ಎಂಬುದನ್ನು ನೆನೆದರೆ ಅವನಿಗೆ ಬಸ್ಸಿನಲ್ಲಿಯೇ ಬೆವರು ಬರುತ್ತಿತ್ತು.

ಈ ಸಲದ ಪ್ರಯೋಗವನ್ನು ಲೆಕ್ಚರರ್ ವಸಂತಾ ಮೇಡಂ ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದರು. ಒಬ್ಬರನ್ನು ಕೂರಿಸಿಕೊಳ್ಳುವುದು. ಅವರಿಗೆ ಗೊತ್ತಿರುವ ಹನ್ನೆರಡು ಜನರ ಹೆಸರನ್ನು ಹನ್ನೆರಡು ಚೀಟಿಗಳಲ್ಲಿ ಬರೆಯುವುದು. ಮೂರು ಮೂರು ಚೀಟಿ ಎತ್ತಿ ಮುಂದಿಟ್ಟು, ಇವರಲ್ಲಿ ಯಾವ ಇಬ್ಬರು ಒಂದೇ ಥರ, ಯಾರು ಬೇರೆ, ಯಾವ ಗುಣದಲ್ಲಿ ಬೇರೆ ಎಂದು ಕೇಳುವುದು. ಆಮೇಲೆ ಆ ಗುಣಕ್ಕೆ ಹನ್ನೆರಡು ಜನರಿಗೂ ಒಂದರಿಂದ ಆರರವರೆಗೆ ಅಂಕ ಹಾಕಿಸುವುದು. ಅಂಕಗಳು ಎಷ್ಟು ಬೇರೆ ಬೇರೆಯಾಗಿ ಬರುತ್ತವೋ, ಹೇಳಿದವರ ಕಣ್ಣು ಜನರನ್ನು ಅಷ್ಟು ಚೆನ್ನಾಗಿ ಬಿಡಿಸಿ ನೋಡುತ್ತದೆ ಎಂದರ್ಥ. ಎಲ್ಲರಿಗೂ ಒಂದೇ ಅಂಕವಾದರೆ ಸೊನ್ನೆ.

"ಗಮನವಿಟ್ಟು ಕೇಳಿ" ಎಂದರು ಮೇಡಂ. "ಇಲ್ಲಿ ನಾವು ಅಳೆಯೋದು ಚೀಟಿಯಲ್ಲಿ ಇರೋರನ್ನಲ್ಲ. ಚೀಟಿ ನೋಡಿ ಹೇಳೋರನ್ನ."

ದಯಾನಂದ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು, ತಕ್ಷಣ ಮರೆತ.

ನಿಯಮದಂತೆ ಪ್ರಯೋಗ ಮಾಡುವವನು ಮೊದಲು ತಾನೇ ಉತ್ತರಿಸಬೇಕು. ದಯಾನಂದ ಉತ್ತರಿಸಿದ. ಯಾವ ಮೂರು ಚೀಟಿ ಎತ್ತಿದರೂ "ಮೂವರೂ ಒಳ್ಳೆಯವರು" ಎಂದು ಬರೆದು, ಎಲ್ಲರಿಗೂ ಆರು ಹಾಕಿದ. ಮೇಡಂ ಹಾಳೆಯನ್ನು ಒಮ್ಮೆ, ಅವನನ್ನು ಒಮ್ಮೆ ನೋಡಿದರು.

"ದಯಾನಂದ್, ಈ ಹಾಳೆ ಪ್ರಕಾರ ನಿಮಗೆ ಜನ ಕಾಣೋದೇ ಇಲ್ಲ."

"ಕನ್ನಡಕ ಹಾಕಿಸ್ಲಾ ಮೇಡಂ?" ಎಂದ ದಯಾನಂದ, ನಿಜವಾದ ಗಾಬರಿಯಿಂದ.

ಇನ್ನು ಐದು ಜನರಿಂದ ಉತ್ತರ ಪಡೆದು ಶನಿವಾರ ಒಪ್ಪಿಸಬೇಕಾಗಿತ್ತು. ಅವನ ಊರು ದಂಡಿನಶಿವರದಲ್ಲಿ ಐದು ಜನಕ್ಕೇನು ಬರ? ಮನೆಯಿಂದಲೇ ಶುರುಮಾಡೋಣವೆಂದು ಸೋಮವಾರ ಸಂಜೆ ತಾಯಿ ಶಿವರುದ್ರಮ್ಮನನ್ನು ಜಗಲಿಯ ಮೇಲೆ ಕೂರಿಸಿಕೊಂಡ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದ ಚೀಟಿಗಳು. ಗಾಳಿಗೆ ಹಾರದಿರಲೆಂದು ಅವನ್ನು ಮೊರದಲ್ಲಿಟ್ಟ. ಬೇರೆ ಎಂದು ಹೇಳಿದ ಚೀಟಿ ಉಳಿದವುಗಳ ಜೊತೆ ಬೆರೆಯಬಾರದಲ್ಲ, ಅದನ್ನು ಮೊರದಿಂದ ತೆಗೆದು ಆಚೆಗೆ, ನೆಲದ ಮೇಲಿಡುವುದೆಂದು ತಾನೇ ಒಂದು ಕ್ರಮ ಮಾಡಿಕೊಂಡ. ಮುಂದಿನ ಅನಾಹುತಕ್ಕೆಲ್ಲ ಈ ಅಚ್ಚುಕಟ್ಟೇ ಕಾರಣ.

ಶಿವರುದ್ರಮ್ಮನಿಗೆ ಓದು ಬರುತ್ತಿರಲಿಲ್ಲ. ದಯಾನಂದ ಓದಿ ಹೇಳಿದ: "ಸಿದ್ದಕ್ಕ, ಲಿಂಗಣ್ಣ, ಕೆಂಪಕ್ಕ. ಯಾರಿಬ್ರು ಒಂದೇ ಥರ ಅವ್ವ?"

"ಸಿದ್ದಕ್ಕನೂ ಲಿಂಗಣ್ಣನೂ ಒಂದೇ" ಎಂದಳು ಶಿವರುದ್ರಮ್ಮ, ಒಂದು ಕ್ಷಣವೂ ಯೋಚಿಸದೆ. "ಮನೆಗ್ ಬಂದ್ರೆ ಬಂದಿದ್ ಕೆಲಸ ಮೊದ್ಲು ಹೇಳ್ತಾರೆ, ಆಮೇಲೆ ಕೂತ್ಕೋತಾರೆ. ಕೆಂಪಕ್ಕ ಬೇರೆ. ಅವಳು ಕೂತು, ಕಾಫಿ ಕುಡ್ದು, ನನ್ ಮಂಡಿನೋವು ವಿಚಾರ್ಸಿ, ಹೊಸಲು ದಾಟಿದ್ ಮೇಲೆ ಹಿಂದಕ್ ತಿರುಗಿ 'ಅಂದಂಗೆ' ಅಂತಾಳೆ. ಅವಳು ಬಂದಿದ್ದೇ ಆ ಅಂದಂಗೆಗೆ."

ದಯಾನಂದ ಬೆರಗಾಗಿ ಬರೆದುಕೊಂಡ. ಇಪ್ಪತ್ತು ವರ್ಷದಿಂದ ಕೆಂಪಕ್ಕ ಬರುತ್ತಿದ್ದಳು, ಅವನಿಗೆ ಇದು ಹೊಳೆದೇ ಇರಲಿಲ್ಲ.

"ಯಜಮಾನ್ರು ಸದಾಶಿವಯ್ಯ, ಲಿಂಗಣ್ಣ, ನಮ್ ಮಾವ."

"ಮೊದಲ್ನೇ ಇಬ್ರು ಒಂದೇ. ಸುಳ್ಳು ಹೇಳೋವಾಗ ನಮ್ ಮುಖ ನೋಡ್ತಾರೆ. ನಿಮ್ ಮಾವ ಸೂರು ನೋಡ್ತಾರೆ."

ಅಡುಗೆಮನೆಯಲ್ಲಿ ಪದ್ಮಶ್ರೀಯ ಕೈಯಿಂದ ತಪ್ಪಲೆಯ ಮುಚ್ಚಳ ದೊಡ್ಡ ಸದ್ದಿನೊಂದಿಗೆ ಬಿತ್ತು. ದಯಾನಂದ ಬೇಗ ಬೇಗ ಮುಂದಿನ ಮೂರು ಚೀಟಿ ಎತ್ತಿದ. ಅದೃಷ್ಟ ನೋಡಿ, ಅದರಲ್ಲಿ ಒಂದು ಪದ್ಮಶ್ರೀಯದೇ.

"ಸೊಸೆ ಬೇರೆ" ಎಂದಳು ಶಿವರುದ್ರಮ್ಮ, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ. "ಮಿಕ್ಕೋರು ಸಿಟ್ಟು ಬಂದ್ರೆ ಮಕ್ಕಳ್ ಮೇಲೆ ತೋರ್ಸ್ತಾರೆ. ಇವ್ಳು ಪಾತ್ರೆ ಮೇಲೆ."

ಒಳಗೆ ಯಾವುದೋ ಪಾತ್ರೆಯನ್ನು ಬಹಳ ಮೆತ್ತಗೆ ನೆಲದ ಮೇಲಿಟ್ಟ ಸದ್ದು.

ಹೀಗೆ ಮುದುಕಿ ಒಂದೂವರೆ ಗಂಟೆ ಹನ್ನೆರಡು ಜನರನ್ನೂ ಎಳೆ ಎಳೆಯಾಗಿ ಬಿಡಿಸಿಟ್ಟಳು. ದಯಾನಂದ ಲೆಕ್ಕ ಹಾಕಿದ. ನೂರಕ್ಕೆ ತೊಂಬತ್ತೊಂದು. ತಪ್ಪಿರಬಹುದೆಂದು ಮತ್ತೆ ಹಾಕಿದ. ಮತ್ತೆಯೂ ತೊಂಬತ್ತೊಂದು.

ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಕೆಂಪಕ್ಕ ಬಂದಳು. ಬಂದವಳು ಮೊರವನ್ನು ನೋಡಿದಳು, ನೆಲದ ಮೇಲಿನ ಚೀಟಿಯನ್ನೂ ನೋಡಿದಳು. ಅವಳಿಗೆ ಓದು ಅಷ್ಟಿಷ್ಟು ಬರುತ್ತಿತ್ತು; ತನ್ನ ಹೆಸರಂತೂ ತಲೆಕೆಳಗಾಗಿದ್ದರೂ ಬರುತ್ತಿತ್ತು.

"ಯಾಕ್ಲಾ ದಯ, ನನ್ ಹೆಸರು ಮೊರದಿಂದಾಚೆಗೈತೆ?"

"ಅದು ಪರೀಕ್ಷೆ ಕಣ್ ಕೆಂಪಕ್ಕ. ಮೂರ್ ತಗೊಂಡು, ಅದ್ರಲ್ಲಿ ಒಂದ್ನ..."

"ಮೂರ್ ತಗೊಂಡು ಒಂದ್ನ ಆಚೆಗಾಕೋದು ನನಗೇ ಹೇಳ್ಕೊಡ್ತೀಯಾ? ಹದಿನೆಂಟು ವರ್ಷ ನಿಮ್ ಮಂಡಿಲೇ ಕೊಬ್ರಿ ಆರ್ಸಿದೀನಿ ಕಣ್ಲಾ! ಮೂಟೆ ಬಾಯಿಂದ ಒಂದು, ಹೊಟ್ಟೆಯಿಂದ ಒಂದು, ತಳದಿಂದ ಒಂದು. ಆಚೆಗ್ ಬಿದ್ದಿದ್ದು ಏನಾಗ್ತದೆ?"

ದಯಾನಂದ ಸುಳ್ಳು ಹೇಳುವವನಲ್ಲ. "ಎಣ್ಣೆ ಮಿಲ್ಲಿಗ್ ಹೋಯ್ತದೆ" ಎಂದ.

ಅಷ್ಟು ಸಾಕಾಗಿತ್ತು. ತೆಂಗಿನ ಸೀಮೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು, ಮೂರರಲ್ಲಿ ಬೇರೆಯಾಗಿ ಕಂಡದ್ದು ಕೌಟು ಹಿಡಿದು ಕೆಟ್ಟ ಕೊಬ್ಬರಿ. ಅದನ್ನು ಎಸೆದ ಮೇಲೆಯೇ ಉಳಿದವಕ್ಕೆ ಬೆಲೆ. ಬೇರೆ ಎನ್ನುವುದಕ್ಕೆ ಇನ್ನೊಂದು ಅರ್ಥವಿರಬಹುದೆಂದು ಯಾವ ಪುಸ್ತಕದಲ್ಲಿ ಬರೆದಿದ್ದರೂ ಆ ಪುಸ್ತಕ ಬರೆದವನು ಕೊಬ್ಬರಿ ಆರಿಸಿದವನಲ್ಲ.

ಬೆಳಗಾಗುವುದರೊಳಗೆ ಊರಿಗೆಲ್ಲ ಸುದ್ದಿಯಾಯಿತು. ಶಿವರುದ್ರಮ್ಮನ ಮನೆಯಲ್ಲಿ ಜನರನ್ನು ಆರಿಸುತ್ತಿದ್ದಾರೆ. ಕೌಟು ಯಾರು, ಕೌಟಲ್ಲದವರು ಯಾರು ಎಂದು ಪಟ್ಟಿಯಾಗುತ್ತಿದೆ. ಪಟ್ಟಿ ಶನಿವಾರ ತಿಪಟೂರಿಗೆ ಹೋಗುತ್ತದೆ.

ಮೊದಲು ಬಂದವನು ಪಂಚಾಯ್ತಿ ಸದಸ್ಯ ಲಿಂಗಣ್ಣ. ಬಂದವನೇ, ಶಿವರುದ್ರಮ್ಮ ಹೇಳಿದ್ದಂತೆಯೇ, ಕೂರುವ ಮೊದಲು ಕೆಲಸ ಹೇಳಿದ.

"ನಾನು ಎಷ್ಟ್ ಸಲ ಆಚೆಗ್ ಬಿದ್ದಿದೀನಿ?"

"ಅದು ಗೌಪ್ಯ ಲಿಂಗಣ್ಣ."

"ಎಷ್ಟ್ ಸಲ ಅಂತ ಮಾತ್ರ ಹೇಳು ಕಣ್ಲಾ. ಯಾರು ಅಂತ ಕೇಳಲ್ಲ."

ದಯಾನಂದ ನಿಯಮವನ್ನು ಮನಸ್ಸಿನಲ್ಲಿ ತಿರುವಿಹಾಕಿದ. ಸಂಖ್ಯೆ ಹೇಳಬಾರದೆಂದು ಎಲ್ಲೂ ಬರೆದಿರಲಿಲ್ಲ. "ನಾಲ್ಕು ಸಲ" ಎಂದ.

"ನಾಲ್ಕಾ!" ಲಿಂಗಣ್ಣ ಈಗ ಕೂತ. "ಬರೋ ವರ್ಷ ಪಂಚಾಯ್ತಿ ಎಲೆಕ್ಷನ್ ಐತೆ. ಲಿಂಗಣ್ಣ ನಾಲ್ಕ್ ಸಲ ಆಚೆಗ್ ಬಿದ್ದ ಅಂತ ಊರಲ್ಲಿ ಗೊತ್ತಾದ್ರೆ ನನ್ ಹೆಂಡ್ತಿ ಓಟೂ ನಂಗ್ ಬೀಳಲ್ಲ. ನೋಡು, ನಂಗೂ ಒಂದ್ ಪರೀಕ್ಷೆ ಮಾಡು. ನಾನೂ ಹೇಳ್ತೀನಿ."

ದಯಾನಂದನಿಗೆ ಬೇಕಾಗಿದ್ದುದೂ ಅದೇ. ಚೀಟಿ ಹಾಕಿದ. ಲಿಂಗಣ್ಣ ಚೀಟಿ ನೋಡಲೂ ಇಲ್ಲ. "ಹನ್ನೆರಡು ಜನವೂ ಒಂದೇ. ಹನ್ನೆರಡು ಜನವೂ ಮತದಾರರು. ಆರು ಬರಿ, ಎಲ್ರಿಗೂ ಆರು" ಎಂದು ಸಹಿ ಹಾಕಿ ಹೋದ.

ಮಧ್ಯಾಹ್ನ ಕೆಂಪಕ್ಕ ಮುಚ್ಚಿದ ತಟ್ಟೆಯೊಂದಿಗೆ ಬಂದು, ಅದನ್ನು ಮೊರದ ಒಳಗೇ ಇಟ್ಟಳು. "ಕಜ್ಜಾಯ. ಪರೀಕ್ಷೆಗೆ ಓದೋನು, ಒಣಗ್ಕೊಂಡ್ ಹೋಗಿದೀಯ." ಅವಳೂ ಪರೀಕ್ಷೆಗೆ ಕೂತು, ಎಲ್ಲರಿಗೂ ಆರು ಹಾಕಿಸಿದಳು. ಹಿಂದೆಯೇ ಸಿದ್ದಕ್ಕ ಒಂದು ಸಿಹಿಗುಂಬಳ ತಂದು, "ನಂದೂ ಎಲ್ಲ ಆರೇ ಕಣಪ್ಪ. ಬೇಕಾದ್ರೆ ಏಳು ಹಾಕು" ಎಂದಳು.

ದಯಾನಂದ ಪ್ರಾಮಾಣಿಕ. ರೆಕಾರ್ಡ್ ಪುಸ್ತಕದಲ್ಲಿ 'ಪ್ರಯೋಗದ ಮೇಲೆ ಪ್ರಭಾವ ಬೀರಿರಬಹುದಾದ ಅಂಶಗಳು' ಎಂಬ ಜಾಗದಲ್ಲಿ ದುಂಡಾಗಿ ಬರೆದ: ಕಜ್ಜಾಯ ಎಂಟು, ಕುಂಬಳಕಾಯಿ ಒಂದು. ಆಮೇಲೆ ಮನಸ್ಸು ಕುಟುಕಿ, ಎಂಟು ಎಂಬುದನ್ನು ಹೊಡೆದು ಒಂಬತ್ತು ಎಂದು ತಿದ್ದಿದ. ಎಣಿಸುವ ಮೊದಲೇ ಒಂದು ತಿಂದಿದ್ದ.

ಬುಧವಾರ ಮಂಡಿಗೆ ಹೋದರೆ ಸುದ್ದಿ ಅವನಿಗಿಂತ ಮೊದಲ ಬಸ್ಸಿಗೇ ಬಂದು ಕೂತಿತ್ತು. ಸದಾಶಿವಯ್ಯನವರು ಗಾದಿಯ ಮೇಲೆ ಮುಖ ಊದಿಸಿಕೊಂಡಿದ್ದರು.

"ಬಾರಪ್ಪ ದಯಾನಂದ. ನಿಮ್ಮ ಮನೇಲಿ ನನ್ನ ತೂಕ ಆಯ್ತಂತೆ. ನಾನು ಬೇರೆ ಬಿದ್ದೆನೋ, ಉಳಿದೆನೋ?"

"ಎರಡು ಸಲ ಬೇರೆ ಬಿದ್ರಿ ಯಜಮಾನ್ರೆ. ಆದ್ರೆ ಬೇರೆ ಅಂದ್ರೆ ಕೆಟ್ಟದ್ದು ಅಂತ ಅಲ್ಲ. ವ್ಯಕ್ತಿತ್ವದಲ್ಲಿ ವ್ಯತ್ಯಾಸ ಅಂತ."

"ಮೂವತ್ತು ವರ್ಷ ಆಯ್ತು ನಾನು ಈ ವ್ಯಾಪಾರಕ್ಕೆ ಬಂದು. ಬೇರೆ ತೆಗೆದಿಟ್ಟ ಕೊಬ್ಬರಿಗೆ ಹೆಚ್ಚು ಬೆಲೆ ಬಂದಿದ್ದು ಒಂದು ದಿನ ನೋಡಿಲ್ಲ. ಎಲ್ಲಿ, ನಿನ್ನ ಫಾರಂ ತೆಗಿ." ಸದಾಶಿವಯ್ಯನವರು ಕನ್ನಡಕ ಏರಿಸಿದರು. "ಎಲ್ಲ ನಮ್ಮ ಗಿರಾಕಿಗಳೇ. ಯಾರನ್ನ ಮೇಲೆ ಹಾಕಲಿ, ಯಾರನ್ನ ಕೆಳಗೆ ಹಾಕಲಿ? ಆರು, ಆರು, ಆರು. ಹೋಗು, ಮೂಟೆ ನೋಡು."

ಗುರುವಾರ ಸಂಜೆ ದಯಾನಂದ ಐದೂ ಹಾಳೆಗಳನ್ನು ವಸಂತಾ ಮೇಡಂ ಮುಂದೆ ಹೆಮ್ಮೆಯಿಂದ ಹರಡಿದ. ಐದು ಜನರನ್ನು ಮುಗಿಸಿದ್ದೇನೆಂಬ ಸಂತೋಷದಲ್ಲಿ ಅವನು ಉಳಿದ ನಾಲ್ಕರ ಲೆಕ್ಕ ಹಾಕುವುದನ್ನೇ ಮರೆತಿದ್ದ.

"ಇದೇನ್ರಿ ಇದು? ನಾಲ್ಕು ಹಾಳೆ, ನಲವತ್ತೆಂಟು ಹೆಸರು, ಎಲ್ಲಾದಕ್ಕೂ ಆರು! ಮನೇಲೇ ಕೂತು ತುಂಬಿದ್ರಾ?"

"ಇಲ್ಲ ಮೇಡಂ. ಜಗಲಿ ಮೇಲೆ. ಒಂದು ಮಂಡಿಯಲ್ಲಿ."

"ನಿಮ್ಮ ತಾಯಿದು ಒಂದೇ ನಿಜವಾದ ಹಾಳೆ. ಮಿಕ್ಕಿದ್ದನ್ನ ಬದಲಾಯಿಸದೆ ನಾನು ಸಹಿ ಹಾಕೋಲ್ಲ. ಶನಿವಾರ ಹನ್ನೊಂದು ಗಂಟೆಗೆ ಹೊರಗಿನಿಂದ ಪರೀಕ್ಷಕರು ಬರ್ತಾರೆ. ಇದು ನಿಮಗೆ ಕೊನೇ ಸಲ ಅಂತ ಗೊತ್ತಿದೆ ತಾನೆ?"

ಗೊತ್ತಿಲ್ಲದೆ ಏನು! ಮನೆಗೆ ಬಂದವನು ಊಟಕ್ಕೂ ಕೂರದೆ ಕಂಬಕ್ಕೊರಗಿದ. ಪದ್ಮಶ್ರೀ ನೋಟ್‌ಬುಕ್ಕನ್ನು ಎತ್ತಿಕೊಂಡು, ಎರಡು ಗೆರೆ ಎಳೆದಿದ್ದ ಸಾಲನ್ನು ಓದಿದಳು.

"ರೀ, ಇದನ್ನ ಅವ್ರಿಗೆ ಹೇಳಿದ್ರಾ? ಮಾರ್ಕು ಚೀಟಿಯಲ್ಲಿರೋರಿಗಲ್ಲ, ಹೇಳೋರಿಗೆ ಅಂತ?"

ದಯಾನಂದ ಸಾಲನ್ನು ಹೊಸದಾಗಿ ಓದಿದ. "ನನಗೇ ಯಾರೂ ಹೇಳಿಲ್ವಲ್ಲೇ!" ಎಂದ. ಬರೆದ ಅಕ್ಷರ ಅವನದೇ.

"ನಾಳೆ ಬೆಳಿಗ್ಗೆ ಡೈರಿಗೆ ಹೋಗಿ. ಊರೆಲ್ಲ ಅಲ್ಲೇ ಇರುತ್ತೆ. ಅಲ್ಲಿ ಹೇಳಿ."

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಹಾಲಿನ ಡೈರಿಯ ಮುಂದೆ ಕ್ಯಾನು, ಚೊಂಬು, ಬಕೆಟ್ಟುಗಳ ಸಾಲು. ದಯಾನಂದ ಕಟ್ಟೆಯ ಮೇಲೆ ನಿಂತ. ಒಬ್ಬರ ಮನಸ್ಸೂ ನೋಯಬಾರದೆಂದು ರಾತ್ರಿಯೇ ಬರೆದು ಬಾಯಿಪಾಠ ಮಾಡಿದ್ದ ಭಾಷಣ ಅಷ್ಟೂ ಮರೆತುಹೋಯಿತು. ಹೊರಗೆ ಬಂದದ್ದು ಇಷ್ಟು:

"ಆಚೆಗ್ ಬಿದ್ದೋರಿಗೆ ಏನೂ ಆಗಲ್ಲ! ಮಾರ್ಕು ಬೀಳೋದು ಆಚೆಗೆ ಹಾಕಿದೋರಿಗೆ! ಜನಗಳನ್ನ ಯಾರು ಹೆಚ್ಚು ಬೇರೆ ಬೇರೆಯಾಗಿ ಗುರುತು ಹಿಡೀತಾರೋ ಅವ್ರು ಬುದ್ಧಿವಂತರು! ಎಲ್ರೂ ಒಂದೇ ಅಂದೋರಿಗೆ ಸೊನ್ನೆ!"

ಸಾಲಿನಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು.

"ಅಂದ್ರೆ ನಂಗೆ ಎಷ್ಟು ಬಂದೈತೆ?" ಕೇಳಿದ ಲಿಂಗಣ್ಣ.

"ಸೊನ್ನೆ, ಲಿಂಗಣ್ಣ."

"ನಂಗೆ?" ಕೆಂಪಕ್ಕ.

"ಸೊನ್ನೆ."

"ಒಂಬತ್ತು ಕಜ್ಜಾಯಕ್ಕೆ ಸೊನ್ನೆಯಾ!" ಕೆಂಪಕ್ಕ ಚೊಂಬನ್ನು ಕೆಳಗಿಟ್ಟಳು. "ನಿಮ್ಮವ್ವಂಗೆ ಎಷ್ಟು ಬಂತು?"

ಹೇಳಬಾರದಿತ್ತು. ಆದರೆ ಅವ್ವನ ವಿಷಯ. ಮಗನ ಎದೆ ಉಬ್ಬಿತು. "ತೊಂಬತ್ತೊಂದು."

ಆಗ ಎದ್ದ ಗದ್ದಲವನ್ನು ಕ್ರಮವಾಗಿ ಬರೆಯುವುದು ಸಾಧ್ಯವಿಲ್ಲ. ಶಿವರುದ್ರಮ್ಮನಿಗೆ ತೊಂಬತ್ತೊಂದು, ತನಗೆ ಸೊನ್ನೆ! ಇದನ್ನು ಸಹಿಸಿಕೊಂಡು ಊರಿನಲ್ಲಿ ಬಾಳುವುದು ಹೇಗೆ?

"ಜನ ಗುರುತು ಹಿಡಿಯೋದು ನಂಗ್ ಬರಲ್ವಾ?" ಕೆಂಪಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬರ್ಕೋಳ್ಲಾ! ಲಿಂಗಣ್ಣನೂ ಸಿದ್ದಕ್ಕನ ಗಂಡನೂ ಒಂದೇ. ಇಬ್ರೂ ಕೊಟ್ಟ ಮಾತು ಮರೀತಾರೆ. ಆದ್ರೆ ಸಿದ್ದಕ್ಕನ ಗಂಡ ಮರ್ತು ನಾಚ್ಕೋತಾನೆ, ಲಿಂಗಣ್ಣ ಮರ್ತು ಹಾರ ಹಾಕಿಸ್ಕೋತಾನೆ!"

"ಏಯ್ ಕೆಂಪಕ್ಕ!" ಲಿಂಗಣ್ಣ ಹಾರಿಬಿದ್ದ. "ಬರ್ಕೋ ದಯಾನಂದ, ನಂದೂ ಬರ್ಕೋ! ನೀನೂ ನಮ್ಮತ್ತೇನೂ ಒಂದೇ, ಇಬ್ರೂ ಬೇರೆಯೋರ ಮನೆ ಒಲೆ ಮೇಲೆ ಏನೈತೆ ಅಂತ ಮೂಸಿ ಹೇಳ್ತೀರ. ಸಿದ್ದಕ್ಕ ಬೇರೆ. ಅವಳು ಮುಚ್ಚಳ ತೆಗ್ದೇ ನೋಡ್ತಾಳೆ!"

"ನಾನಾ?" ಎಂದಳು ಸಿದ್ದಕ್ಕ. ಮೆತ್ತನೆಯ ಹೆಂಗಸು, ಜನ್ಮದಲ್ಲಿ ದನಿ ಏರಿಸಿದವಳಲ್ಲ. "ದಯಣ್ಣ, ಆ ಕುಂಬಳಕಾಯಿ ಮಾತು ಬುಡು. ನಂದು ಹೊಸದಾಗಿ ಬರಿ. ಮೊದಲ್ನೇದಾಗಿ ನನ್ ಗಂಡ." ಎಂದು ಶುರುಮಾಡಿದವಳು ಹಾಲು ಅಳೆಯುವವನು ಡೈರಿ ಮುಚ್ಚಿದರೂ ನಿಲ್ಲಿಸಲಿಲ್ಲ.

ದಯಾನಂದ ಮೊದಲು ನೋಟ್‌ಬುಕ್ಕಿನಲ್ಲಿ ಬರೆದ, ಅದು ಮುಗಿದು ಹಾಲಿನ ಚೀಟಿಗಳ ಹಿಂದೆ ಬರೆದ, ಆಮೇಲೆ ಅಂಗೈ ಮೇಲೆ ಬರೆದ. ಎರಡು ಕ್ಯಾನು ಉರುಳಿ ಬೀದಿಯಲ್ಲಿ ಹಾಲು ಹರಿಯಿತು. ನಾಯಿಗಳು ಯಾವ ಭೇದವನ್ನೂ ಮಾಡದೆ ನೆಕ್ಕಿದವು. ಮಧ್ಯಾಹ್ನದ ಹೊತ್ತಿಗೆ ಎಲ್ಲರನ್ನೂ ಒಬ್ಬೊಬ್ಬರಾಗಿ ಕೂರಿಸಿ ಹೊಸ ಹಾಳೆ ತುಂಬಿಸಿದ. ಸಂಜೆ ಮಂಡಿಗೆ ಓಡಿದರೆ ಸದಾಶಿವಯ್ಯನವರು ಆಗಲೇ ಸಿದ್ಧವಾಗಿದ್ದರು. "ಲಿಂಗಣ್ಣನಿಗೆ ಎಷ್ಟು ಬಂತು?" ಎಂದು ಕೇಳಿಕೊಂಡು, ಅದಕ್ಕಿಂತ ಹೆಚ್ಚು ಬರುವ ತನಕ ಗಿರಾಕಿಗಳ ಗುಟ್ಟನ್ನೆಲ್ಲ ಹೇಳುತ್ತಲೇ ಹೋದರು. ಎಪ್ಪತ್ತೆಂಟು, ಎಂಬತ್ತು, ಎಂಬತ್ತಮೂರು, ಎಂಬತ್ತಾರು! ಎಂಬತ್ತಾರು ಸಿದ್ದಕ್ಕನದು. ಇಂಥ ಹಾಳೆಗಳು ತನ್ನ ಕೈಯಲ್ಲಿ ಇವೆಯೆಂದು ದಯಾನಂದನಿಗೇ ನಂಬಿಕೆಯಾಗಲಿಲ್ಲ.

ಶನಿವಾರ ತಿಪಟೂರಿನಲ್ಲಿ ಕೊಬ್ಬರಿ ಹರಾಜು. ಹೇಗೂ ಅರ್ಧ ಊರು ಅಲ್ಲಿಗೆ ಹೋಗುವುದೇ. ಉಳಿದರ್ಧ ಫಲಿತಾಂಶ ಕೇಳಲು ಹೊರಟಿತು. ಹನ್ನೊಂದು ಗಂಟೆಗೆ ಸಂಜೆ ಕಾಲೇಜಿನ ಕಿಟಕಿಗಳ ಹೊರಗೆ ಶಿವರುದ್ರಮ್ಮ, ಕೆಂಪಕ್ಕ, ಲಿಂಗಣ್ಣ, ಸಿದ್ದಕ್ಕ, ಎಲ್ಲರಿಗಿಂತ ಹಿಂದೆ ಪದ್ಮಶ್ರೀ. ಅಟೆಂಡರ್ ಸಣ್ಣತಿಮ್ಮಯ್ಯ ಎಷ್ಟು ಗದರಿದರೂ ಅವರು ಸರಳು ಬಿಡಲಿಲ್ಲ.

ಪರೀಕ್ಷಕರು ತೆಳ್ಳಗಿನ, ಗಂಭೀರವಾದ ಪ್ರೊಫೆಸರು. ಹಾಳೆಗಳನ್ನು ಮೊದಲು ಬೇಗ ಬೇಗ ತಿರುವಿದರು, ಆಮೇಲೆ ನಿಧಾನವಾಗಿ ತಿರುವಿದರು, ಆಮೇಲೆ ಮೊದಲಿನಿಂದ ತಿರುವಿದರು.

"ಪಟ್ಟಣದಲ್ಲಿ ನನ್ನ ವಿದ್ಯಾರ್ಥಿಗಳು ಮಾಡಿದರೆ ಐವತ್ತು ದಾಟೋದು ಕಷ್ಟ. ಇದು ಯಾವ ಊರ್ರಿ?" ಎಂದರು. ದಯಾನಂದ ಊರಿನ ಹೆಸರು ಹೇಳಿದ. ಕಿಟಕಿಯ ಹೊರಗೆ ಒಂದು ತೃಪ್ತಿಯ ಗುಜುಗುಜು.

ಆಮೇಲೆ ಅವರು ಕೊನೆಯ ಹಾಳೆಗೆ ಬಂದರು. ಅದು ದಯಾನಂದನದು. ಮೂವರೂ ಒಳ್ಳೆಯವರು, ಮೂವರೂ ಒಳ್ಳೆಯವರು, ಸೊನ್ನೆ.

"ಇದೇನು? ಜನರನ್ನ ಬೇರೆ ಬೇರೆಯಾಗಿ ನೋಡೋಕೇ ಬಾರದ ನೀವು ಈ ಪ್ರಯೋಗ ಮಾಡಿದಿರಿ ಅಂತ ನಾನು ಹೇಗೆ ನಂಬಲಿ?" ಪೆನ್ನಿನ ಮುಚ್ಚಳ ಹಾಕಿದರು. ಮುಚ್ಚಳ ಬಿದ್ದ ಸದ್ದಿಗೆ ದಯಾನಂದನ ಆರು ವರ್ಷ ನಡುಗಿತು. "ಇಲ್ಲೇ ಮಾಡಿ ತೋರಿಸಿ. ಈ ಕೋಣೆಯಲ್ಲಿ ನಿಮ್ಮನ್ನ ಬಿಟ್ಟು ಮೂರು ಜನ ಇದ್ದೀವಿ. ನಾನು, ನಿಮ್ಮ ಮೇಡಂ, ಬಾಗಿಲಲ್ಲಿರೋ ಅಟೆಂಡರು. ಯಾರಿಬ್ಬರು ಒಂದೇ ಥರ, ಯಾರು ಬೇರೆ? ಸರಿಯಾಗಿ ಹೇಳಿದರೆ ಪಾಸು."

"ಮೂವರೂ" ಎಂಬ ಮಾತು ದಯಾನಂದನ ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತು. ಹೊರಗೆ ಪದ್ಮಶ್ರೀ ಎರಡು ಕೈಯಿಂದಲೂ ಕಿಟಕಿಯ ಸರಳು ಹಿಡಿದುಕೊಂಡಳು. ಅವನು ಮಾತನ್ನು ನುಂಗಿದ. ಮೇಡಂ ಮುಖ ನೋಡಿದ. ಸಣ್ಣತಿಮ್ಮಯ್ಯನನ್ನು ನೋಡಿದ. ಪರೀಕ್ಷಕರನ್ನು, ಹೆದರಿಕೊಂಡೇ, ನೋಡಿದ. ಕೊಬ್ಬರಿಯನ್ನು ತಟ್ಟಿ ಕಿವಿಗೊಡುವ ಹಾಗೆ ಒಂದು ಕ್ಷಣ ಕಣ್ಣು ಮುಚ್ಚಿದ.

"ಸರ್... ಮೇಡಮ್ಮೂ ಸಣ್ಣತಿಮ್ಮಯ್ಯನೂ ಒಂದೇ ಥರ. ನೀವು ಬೇರೆ."

"ಯಾವುದರಲ್ಲಿ?"

"ನಾನು ತಪ್ಪು ಹೇಳಿಬಿಡ್ತೀನೇನೋ ಅಂತ ಅವ್ರಿಬ್ಬರಿಗೂ ಭಯ ಇದೆ ಸರ್. ನಿಮಗಿಲ್ಲ." ಶುರುಮಾಡಿದ್ದನ್ನು ಅರ್ಧಕ್ಕೆ ಬಿಡುವುದು ದಯಾನಂದನಿಗೆ ಗೊತ್ತಿರಲಿಲ್ಲ. "ಮತ್ತೆ ನೀವು ಬಂದಾಗಿನಿಂದ ಹನ್ನೊಂದು ಸಲ ಕೈಗಡಿಯಾರ ನೋಡಿದ್ರಿ. ಹತ್ತೇ ಇರಬಹುದು. ಒಂದು ಸಲ ಬರೀ ಕೈ ಕೆರ್ಕೊಂಡ್ರೇನೋ, ನನಗೆ ಖಾತ್ರಿ ಇಲ್ಲ."

ಹನ್ನೆರಡನೆಯ ಸಲ ಗಡಿಯಾರದ ಕಡೆ ಹೊರಟಿದ್ದ ಪರೀಕ್ಷಕರ ಕಣ್ಣು ದಾರಿಯಲ್ಲೇ ನಿಂತಿತು. ವಸಂತಾ ಮೇಡಂ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಪ್ರೊಫೆಸರು, ಈ ಪ್ರಯೋಗವನ್ನು ಎಷ್ಟೋ ವರ್ಷದಿಂದ ಪಾಠ ಮಾಡಿದವರು, ಬೇರೆ ಎಂದರೆ ಕೆಟ್ಟದ್ದಲ್ಲವೆಂದು ನೂರಾರು ಜನರಿಗೆ ತಿಳಿಹೇಳಿದವರು, ಕೆಂಪಗಾದ ಮುಖದಿಂದ ಕೇಳಿದರು:

"ಅಂದ್ರೆ, ನನ್ನನ್ನ ಆಚೆಗೆ ಹಾಕಿದ್ರಾ?"

"ಬುಡಿ ಸ್ವಾಮಿ" ಎಂದಳು ಕಿಟಕಿಯಿಂದ ಕೆಂಪಕ್ಕ, ಸಮಾಧಾನದ ದನಿಯಲ್ಲಿ. "ನಮ್ಮನ್ನೂ ಹಂಗೇ ಹಾಕವ್ರೆ. ಮೊದ್ಲು ಉರೀತದೆ. ಎಲ್ಡ್ ದಿನಕ್ಕೆ ಸರಿಹೋಯ್ತದೆ."

ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದು ಐವತ್ತಕ್ಕೆ ನಲವತ್ತೆರಡು ಎಂದು ಬರೆದು ಸಹಿ ಹಾಕಿದರು. ಮೇಡಂ ತಲೆಯಾಡಿಸಿದ್ದನ್ನು ನೋಡಿ ಪದ್ಮಶ್ರೀ, ಸಭ್ಯಳಾದ ಹೆಣ್ಣುಮಗಳು, ಕಾಲೇಜಿನ ಆವರಣದಲ್ಲಿ "ಪಾಸ್ ಆದ್ರು! ನಮ್ಮನೆಯವ್ರು ಪಾಸ್ ಆದ್ರು!" ಎಂದು ಕೂಗಿದ್ದು ಹರಾಜಿನ ಕಟ್ಟೆಯವರೆಗೂ ಕೇಳಿಸಿತೆಂದು ಲಿಂಗಣ್ಣ ಇವತ್ತಿಗೂ ಸಾಧಿಸುತ್ತಾನೆ. ದಯಾನಂದ ಮಾತ್ರ ಕುರ್ಚಿಯಿಂದ ಏಳಲಿಲ್ಲ. ನಲವತ್ತೆರಡೋ ಇಪ್ಪತ್ತನಾಲ್ಕೋ ಎಂದು ಅಂಕಿಯನ್ನು ಎರಡೂ ಕಡೆಯಿಂದ ಓದುತ್ತಿದ್ದ.

ಪರೀಕ್ಷಕರೂ ಏಳಲಿಲ್ಲ. ಅವರ ಬಸ್ಸಿಗೆ ಹದಿನೈದು ನಿಮಿಷವಿತ್ತು. ಅವರು ಮೇಜಿನ ಮೇಲಿದ್ದ ಒಂದು ಖಾಲಿ ಫಾರಂ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು, "ದಯಾನಂದ್, ನನಗೂ ಒಂದು ಸಲ ಮಾಡಿ. ನಾನು ಯಾವತ್ತೂ ಮಾಡಿಸಿಕೊಂಡಿಲ್ಲ" ಎಂದರು.

ಚೀಟಿಗಳಾದವು. ಹನ್ನೆರಡು ಹೆಸರು ನೆನಪಿಸಿಕೊಳ್ಳಲು ಪ್ರೊಫೆಸರಿಗೆ ಹತ್ತು ನಿಮಿಷ ಹಿಡಿಯಿತು. ಬಸ್ಸು ಹೋಯಿತು, ಅದರ ಹಿಂದಿನದೂ ಹೋಯಿತು. ದಯಾನಂದ ಲೆಕ್ಕ ಹಾಕಿದ, ತಪ್ಪಿರಲೆಂದು ಹಾರೈಸಿ ಮತ್ತೆ ಹಾಕಿದ. ನಲವತ್ತನಾಲ್ಕು. ಪ್ರೊಫೆಸರ ಮುಖ ಸಣ್ಣದಾಯಿತು. ಅವರ ಕಣ್ಣು ತಾನಾಗಿ ಕಿಟಕಿಯಲ್ಲಿದ್ದ ತೊಂಬತ್ತೊಂದರ ಕಡೆ ಹೋಯಿತು.

ಶಿವರುದ್ರಮ್ಮ ಸರಳಿನ ನಡುವೆ ಕೈ ತೂರಿಸಿ, ಕಿಟಕಿಯ ಪಕ್ಕದಲ್ಲೇ ಕೂತಿದ್ದ ಅವರ ತೋಳು ತಟ್ಟಿದಳು.

"ನಿಂಗೆ ಅಷ್ಟ್ ಸಾಕು ಕಣಪ್ಪ, ಬೇಜಾರ್ ಮಾಡ್ಕೋಬ್ಯಾಡ. ನಿಂಗೆ ಮೂರ್ ವರ್ಷಕ್ಕೊಂದ್ಸಲ ಹೊಸ ಮಕ್ಳು ಓದೋಕ್ ಬತ್ತಾರೆ. ನಮಗೆ ಸಾಯೋಗಂಟ ಇವ್ರೇ."